ಬಾಯಿಗಿಡುವ ಬಂಗಾರ

ಬೆಳಕು ಹರಿಯುವುದರೊಳಗೆ ಪೇಜೆನ್ ಮುಗಿಸಬೇಕಾದ ಕೆಲಸಗಳು: ಕಕ್ಕಸಿನ ಪೀಪಾಯಿಯನ್ನು ಕತ್ತಲ ಮೆಟ್ಟಿಲಲ್ಲಿ ತುಳುಕಿಸದೆ ಇಳಿಸಿ ಓಣಿಯ ಬಾಗಿಲಲ್ಲಿಡುವುದು. ಮಲದ ಗಾಡಿಯವನು ಕೂಗಿದಾಗ ಎದುರಿಗೆ ನಿಂತಿರುವುದು, ಇಲ್ಲವಾದರೆ ಅವನು ಅರ್ಧ ಸುರಿದುಕೊಂಡು ಅರ್ಧ ಉಳಿಸಿ ಹೋಗುತ್ತಾನೆ. ಅಕ್ಕಿ ಅಂಗಡಿಯ ಮುಂದಿನ ಸಾಲಿನಲ್ಲಿ ತನ್ನ ಬದಲಿಗೆ ಒಂದು ಇಟ್ಟಿಗೆ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರುವುದು. ಕಲ್ಲಿದ್ದಲ ಒಲೆಯನ್ನು ಓಣಿಗೆ ತಂದು ಕಣ್ಣು ಉರಿಯುವವರೆಗೆ ಬೀಸಿ ಹೊತ್ತಿಸುವುದು. ಬಿಸಿನೀರಿನ ಅಂಗಡಿಯಿಂದ ನೀರು ತರುವುದು, ಹಿಂದಿನ ದಿನದ ತಂಗಳಿಗೆ ಅದನ್ನು ಹುಯ್ದು ಗಂಜಿ ಮಾಡುವುದು. ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪನ್ನು ಸಣ್ಣಗೆ ಹೆಚ್ಚುವುದು. ಸಣ್ಣಗೆ ಹೆಚ್ಚಿದರೆ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಅತ್ತೆಯ ಮುಖಕ್ಕೆ ಬಿಸಿನೀರು, ಗಂಡನ ಗಡ್ಡಕ್ಕೆ ಬಿಸಿನೀರು, ಮಗಳಿಗೆ ಉಳಿದದ್ದು.

ಇದೆಲ್ಲದರ ನಡುವೆ ಪೀಪಾಯಿ ಉಜ್ಜುವುದು. ಓಣಿಯ ನಲ್ಲಿಯ ಸುತ್ತ ಹೆಂಗಸರೆಲ್ಲ ಕುಕ್ಕರುಗಾಲಿನಲ್ಲಿ ಕೂತು, ಪೀಪಾಯಿಗೆ ಒಂದು ಹಿಡಿ ಕಪ್ಪೆಚಿಪ್ಪು ಹಾಕಿ, ಬಿದಿರ ಸಿಬಿರಿನ ಪೊರಕೆಯಿಂದ ಗರಗರ ತಿರುಗಿಸುತ್ತಿದ್ದರು. ಆ ಸದ್ದಿಗೇ ಶಾಂಘಾಯ್ ಏಳುವುದು. ಗಂಡಸರು ಮಾತ್ರ ಆ ಸದ್ದಿಗೆ ಮಗ್ಗುಲು ಬದಲಿಸಿ ಹೊದಿಕೆಯನ್ನು ಕಿವಿಯ ಮೇಲೆಳೆದುಕೊಳ್ಳುತ್ತಾರೆ.

ಕೆಂಪು ಅರಗು ಬಳಿದ ಆ ಪೀಪಾಯಿ ಪೇಜೆನ್ ಮದುವೆಯಲ್ಲಿ ತವರಿನಿಂದ ಬಂದದ್ದು. ಬರುವಾಗ ಅದರೊಳಗೆ ಕೆಂಪು ಬಣ್ಣ ಹಚ್ಚಿದ ಮೊಟ್ಟೆಗಳಿದ್ದವು, ಗಂಡು ಸಂತಾನವಾಗಲಿ ಎಂದು. ಮೊಟ್ಟೆ ತೆಗೆದ ದಿನದಿಂದ ಅದನ್ನು ಹೊರುವವಳು, ಉಜ್ಜುವವಳು, ಬಿಸಿಲಿಗಿಡುವವಳು ಅವಳೊಬ್ಬಳೇ. ಗಂಡಸಾದವನು ಪೀಪಾಯಿ ತೊಳೆಯುವ ಪೊರಕೆಯನ್ನು ಮುಟ್ಟಿದರೆ ಅವನ ಅದೃಷ್ಟ ಹೋಗುತ್ತದೆಂದು ಆ ಕಡೆಯ ನಂಬಿಕೆ. ಈ ನಂಬಿಕೆಯನ್ನು ಯಾವ ಗಂಡಸು ಹುಟ್ಟಿಸಿದನೋ, ಅವನಿಗೆ ಪೇಜೆನ್ ಮನಸ್ಸಿನಲ್ಲೇ ಕೈಮುಗಿದಿದ್ದಳು. ಏಕೆಂದರೆ ಅವಳ ಪೊರಕೆಯ ಹಿಡಿಯೊಳಗೆ, ಸಿಬಿರುಗಳನ್ನು ಬಿಗಿದ ದಾರದ ಒಳಸುತ್ತಿನಲ್ಲಿ, ಒಂದು ಬಂಗಾರದ ಉಂಗುರವಿತ್ತು.

ಉಂಗುರ ಯಾರೂ ಕೊಟ್ಟದ್ದಲ್ಲ. ಮದುವೆಗೆ ಮುಂಚೆ ಪೇಜೆನ್ ವೂಶಿ ಪಟ್ಟಣದ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುತ್ತಿದ್ದಳು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳೊಳಗೆ ಬೆರಳಿಟ್ಟು ಎಳೆಯ ತುದಿ ಹುಡುಕುವ ಕೆಲಸ. ಸಂಜೆಯ ಹೊತ್ತಿಗೆ ಬೆರಳು ಬೆಂದ ಮೀನಿನ ಹಾಗೆ ಬಿಳಿಚಿ ಸುಲಿಯುತ್ತಿದ್ದವು. ಸಂಬಳವೆಲ್ಲ ತಂದೆಯ ಕೈಗೆ ಹೋಗುತ್ತಿತ್ತು. ಹಬ್ಬದ ದಿನದ ಮೇಲುಗೂಲಿ ಮಾತ್ರ ಅವಳದು. ಹುಡುಗಿತನವೆಲ್ಲ ಕಳೆದು ಒಂದು ಉಂಗುರವಾಯಿತು. ಬೆಂದ ಬೆರಳಿಗೆ ಅದನ್ನು ಹಾಕಿಕೊಳ್ಳಲು ಎಂದೂ ಆಗಲಿಲ್ಲ.

ನಲವತ್ತೆಂಟರ ಆಗಸ್ಟಿನಲ್ಲಿ ಸರ್ಕಾರ ಹೊಸ ನೋಟು ತಂದಿತು. ಹಳೆಯ ನೋಟು ಮೂವತ್ತು ಲಕ್ಷ ಕೊಟ್ಟರೆ ಹೊಸದೊಂದು. ಹೆಸರು ಬಂಗಾರದ ಯುವಾನ್. ಯಾರ ಮನೆಯಲ್ಲೂ ಬಂಗಾರ, ಬೆಳ್ಳಿ ಇರಕೂಡದು, ಎಲ್ಲವನ್ನೂ ಬ್ಯಾಂಕಿಗೆ ಕೊಟ್ಟು ಹೊಸ ನೋಟು ಪಡೆಯಬೇಕು, ಬಚ್ಚಿಟ್ಟವರಿಗೆ ಜೈಲು, ಹಿಡಿದುಕೊಟ್ಟವರಿಗೆ ಅದರಲ್ಲೇ ಪಾಲು ಎಂದು ಓಣಿಯ ಗೋಡೆಗೆಲ್ಲ ಅಂಟಿಸಿದರು.

ಪೇಜೆನ್ ಗಂಡ ಶೆನ್ ಮಾಸ್ತರು ಒಂದು ಖಾಸಗಿ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಕೈ ಎತ್ತಿದವರಲ್ಲ, ಕುಡಿದವರಲ್ಲ. ಗೋಡೆಗೆ ಅಂಟಿಸಿದ್ದನ್ನು ನಂಬುವವರು, ಅಷ್ಟೇ. ಗಂಜಿ ಕುಡಿಯುತ್ತ ತಾಯಿಗೆ ಹೇಳಿದರು:

"ಅಮ್ಮ, ನಿನ್ನ ಓಲೆ, ಆಮೇಲೆ ಆ ಕಾಳು, ಎರಡನ್ನೂ ಕೊಡು. ನಾಳೆ ಶಾಲೆಯಿಂದ ಎಲ್ರೂ ಒಟ್ಟಿಗೆ ಬ್ಯಾಂಕಿಗೆ ಹೋಗ್ತಿದೀವಿ."

ಕಾಳು ಎಂದರೆ ಭತ್ತದ ಕಾಳಿನಷ್ಟು ಬಂಗಾರ. ಮುದುಕಿ ತಾನು ಸತ್ತಾಗ ಬಾಯಿಗಿಡಲೆಂದು ಕೂಡಿಟ್ಟದ್ದು. ಇಪ್ಪತ್ತೆರಡಕ್ಕೇ ವಿಧವೆಯಾದವಳು, ಹತ್ತಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಮುಸುರೆ ತಿಕ್ಕಿ, ಅವರ ಮಕ್ಕಳ ಬಟ್ಟೆ ಒಗೆದು, ಮಗನನ್ನು ಮಾಸ್ತರನ್ನಾಗಿ ಮಾಡಿದವಳು. ಬಾಯಲ್ಲಿ ಏನೂ ಇಲ್ಲದೆ ಹೋದವರು ಆ ಲೋಕದಲ್ಲೂ ಇನ್ನೊಬ್ಬರ ಮನೆ ಚಾಕರಿಗೇ ಬೀಳುತ್ತಾರೆ ಎಂಬುದು ಅವಳ ಒಂದೇ ಭಯ. ದೇವರಿಗೂ ಅಷ್ಟು ಹೆದರಿದವಳಲ್ಲ.

"ಓಲೆ ತಗೊಂಡು ಹೋಗು. ಕಾಳು ನನ್ ಬಾಯಿಗೆ" ಎಂದಳು.

"ಅಮ್ಮ, ದುಡ್ಡು ಅಂದ್ರೆ ಲೋಹ ಅಲ್ಲ, ನಂಬಿಕೆ. ಮೂರು ಸಾವಿರ ವರ್ಷದ ಹಿಂದೆ ನಮ್ಮಲ್ಲಿ ಚಿಪ್ಪೇ ದುಡ್ಡಾಗಿತ್ತು, ಗೊತ್ತಾ?"

"ಹಂಗಾದ್ರೆ ನಿನ್ ಹೆಂಡ್ತಿ ದಿನಾ ಬೆಳಿಗ್ಗೆ ದುಡ್ಡಲ್ಲೇ ಕಕ್ಕಸು ಉಜ್ತಾಳೆ ಅನ್ನು!"

ಮೊಮ್ಮಗಳು ಶ್ಯಾವ್‌ಮಾನ್ ಬಾಯಲ್ಲಿದ್ದ ಗಂಜಿ ಉಗಿದು ನಕ್ಕಳು. ಮಾಸ್ತರು ನಗಲಿಲ್ಲ. ಜೈಲು ಎಂದರು, ಶಾಲೆಯ ಮರ್ಯಾದೆ ಎಂದರು, ನಿನ್ನ ಮಗನನ್ನು ಪೊಲೀಸರು ಎಳೆದುಕೊಂಡು ಹೋದರೆ ಬಾಯಲ್ಲಿ ಬಂಗಾರ ಇಟ್ಟುಕೊಂಡು ಏನು ಮಾಡುತ್ತೀ ಎಂದರು. ಮುದುಕಿ ಸೋತಳು. ಎಲ್ಲಿಟ್ಟಿದ್ದೇನೆಂದು ತಾನೇ ಹೇಳಿದಳು, ಬೂಟಿನ ಅಟ್ಟೆಯೊಳಗೆ. ಮಗನಿಗೆ ಹೇಳದೆ ಇನ್ಯಾರಿಗೆ ಹೇಳುತ್ತಾಳೆ?

ಆಮೇಲೆ ಮಾಸ್ತರು ಹೆಂಡತಿಯ ಕಡೆ ತಿರುಗಿದರು.

"ನಿನ್ನ ಉಂಗುರ?"

"ಜಪಾನಿನವರು ಬಂದ ವರ್ಷವೇ ಅಕ್ಕಿಗೆ ಹಾಕಿದೆನಲ್ರೀ."

"ನನಗೆ ಹೇಳಲೇ ಇಲ್ಲ."

"ನೀವು ಅನ್ನ ಎಲ್ಲಿಂದ ಬಂತು ಅಂತ ಯಾವಾಗ ಕೇಳಿದ್ರಿ?"

ಅವರಿಗೆ ಅನುಮಾನ ಹೋಗಲಿಲ್ಲ. ಮಧ್ಯಾಹ್ನ ಶಾಲೆಯಿಂದ ಬಂದವರು ಇದ್ದ ಒಂದೂವರೆ ಕೋಣೆಯನ್ನು ಜಾಲಾಡಿದರು. ಹಿಟ್ಟಿನ ಡಬ್ಬಿ ಸುರಿದರು, ರಜಾಯಿಯ ಹೊಲಿಗೆ ಬಿಚ್ಚಿ ಹತ್ತಿ ಎಳೆದರು, ಅವಳ ಬೂಟಿನ ಅಟ್ಟೆಯನ್ನೂ ಕಿತ್ತರು. ಬಾಗಿಲ ಹಿಂದೆ ಒಣಗಲು ತೂಗುಹಾಕಿದ್ದ ಪೊರಕೆಯ ಪಕ್ಕದಲ್ಲೇ ನಿಂತು ಬೆವರು ಒರೆಸಿಕೊಂಡರು. ಮುದುಕಿ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಒಮ್ಮೆ ಪೊರಕೆಯನ್ನು ನೋಡಿದಳು, ಒಮ್ಮೆ ಸೊಸೆಯನ್ನು. ಮತ್ತೆ ಬೀಸಣಿಗೆ ಎತ್ತಿಕೊಂಡು ಬೀಸಿಕೊಂಡಳು.

ಸುರಿದ ಹಿಟ್ಟನ್ನು ಗೋರಿ ಜರಡಿ ಹಿಡಿದವಳು, ರಜಾಯಿ ಮತ್ತೆ ಹೊಲಿದವಳು ಪೇಜೆನ್. ಹುಡುಕುವುದು ಗಂಡಸಿನ ಕೆಲಸ, ಎತ್ತಿಡುವುದು ಹೆಂಗಸಿನ ಕೆಲಸ.

ಮಾಸ್ತರು ಬ್ಯಾಂಕಿನಿಂದ ಗರಿಗರಿ ನೋಟು ತಂದು ತಾಯಿಯ ತಲೆದಿಂಬಿನ ಚೀಲದಲ್ಲಿಟ್ಟರು. "ಇದು ಬಂಗಾರಾನೇ ಅಮ್ಮ. ನೋಡು, ಮೇಲೇ ಬರೆದಿದೆ." ಮುದುಕಿಗೆ ಓದು ಬರುತ್ತಿರಲಿಲ್ಲ. ಆದರೂ ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

ಅಕ್ಟೋಬರ್ ಬರುವ ಹೊತ್ತಿಗೆ ಜನ ಅಂಗಡಿಗಳನ್ನು ಗುಡಿಸಿ ಹಾಕಿದ್ದರು. ಅಕ್ಕಿಯಿಲ್ಲ, ಎಣ್ಣೆಯಿಲ್ಲ, ಸೋಪಿಲ್ಲ. ಕೈಗೆ ಸಿಕ್ಕಿದ್ದು ಕೊಳ್ಳುತ್ತಿದ್ದರು. ದರ್ಜಿಯ ಹೆಂಡತಿ ಮನೆಯಲ್ಲಿ ಕೂಸೇ ಇಲ್ಲದಿದ್ದರೂ ಮಕ್ಕಳ ಟೋಪಿ ಕೊಂಡು ತಂದಳು. "ಟೋಪಿ ಕೊಳೆಯಲ್ಲ, ನೋಟು ಕೊಳೆಯುತ್ತೆ" ಎಂದಳು ನಲ್ಲಿಯ ಹತ್ತಿರ. "ನಿನ್ ಗಂಡನ್ ತಲೆಗಾದ್ರೂ ಆಗುತ್ತೇನೇ?" ಎಂದು ಯಾರೋ ಕೇಳಿದ್ದಕ್ಕೆ, "ಅವನಿಗೆ ಸರ್ಕಾರಾನೇ ಹಾಕಿದೆಯಲ್ಲ!" ಎಂದಳು.

ಸಂಬಳದ ದಿನ ಹೊಸದೊಂದು ಮನೆಗೆಲಸ ಸೇರಿಕೊಂಡಿತು, ಓಡುವುದು. ಮಾಸ್ತರಿಗೆ ಶಾಲೆಯಲ್ಲಿ ನೋಟಿನ ಕಟ್ಟು ಕೊಡುತ್ತಿದ್ದರು. ಉದ್ದನೆ ನಿಲುವಂಗಿ ತೊಟ್ಟ ಚರಿತ್ರೆಯ ಮಾಸ್ತರು ಬೀದಿಯಲ್ಲಿ ಓಡುವುದು ಸಲ್ಲ. ಪೇಜೆನ್ ಶಾಲೆಯ ಗೇಟಿನಲ್ಲಿ ಚೀಲ ಹಿಡಿದು ನಿಂತಿರಬೇಕು, ಕಟ್ಟು ಚೀಲಕ್ಕೆ ಬಿದ್ದ ಕೂಡಲೇ ಅಕ್ಕಿ ಅಂಗಡಿಗೆ ದೌಡಾಯಿಸಬೇಕು. ಅಂಗಡಿಯ ವಾನ್ ಸಾಹುಕಾರ ಹಲಗೆಯ ಮೇಲಿನ ದರವನ್ನು ಒದ್ದೆ ಬಟ್ಟೆಯಿಂದ ಒರೆಸುವುದನ್ನು ಕಂಡರೆ ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ತಡವಾದ ದಿನ ಮಾಸ್ತರು ಕೇಳುತ್ತಿದ್ದರು, "ಇಷ್ಟೇನಾ ಅಕ್ಕಿ? ದಾರೀಲಿ ಯಾರ ಹತ್ರ ಹರಟೆ ಹೊಡೀತಿದ್ದೆ?"

ಮುದುಕಿ ಮಾತ್ರ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಪೇಜೆನ್ ಅಂಗಡಿಯಿಂದ ಬಂದು ಚೀಲ ಇಳಿಸುವುದರೊಳಗೆ:

"ಇವತ್ತು ನನ್ ಬಾಯಿಗೆ ಏನ್ ಬರುತ್ತೆ?"

ದಿಂಬಿನೊಳಗಿನ ನೋಟಿಗೆ ಏನು ಬರುತ್ತದೆ ಎಂದು ಅರ್ಥ. ಚಳಿಗೆ ಮುಂಚೆ ಒಂದು ರಜಾಯಿ ಬರುತ್ತಿತ್ತು. "ಇರಲಿ, ಇನ್ನೂ ಏರುತ್ತೆ ಅಂತಾನೆ ನನ್ ಮಗ" ಎಂದಳು. ಹೊಸ ವರ್ಷದ ಹಬ್ಬಕ್ಕೆ ಅರ್ಧ ಕೋಳಿ. ಹಬ್ಬ ಕಳೆದ ಮೇಲೆ ಒಂದು ಬಟ್ಟಲು ಸೋಯಾ ಮೊಸರುಗಡ್ಡೆ. "ಬಾಯಿಗೆ ತಾನೆ? ಮೊಸರುಗಡ್ಡೆ ಆದ್ರೆ ಹಲ್ಲಿಲ್ದಿದ್ರೂ ನಡಿಯುತ್ತೆ" ಎಂದು ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಮಾಸ್ತರು ಪುಸ್ತಕದಿಂದ ತಲೆ ಎತ್ತಲಿಲ್ಲ. ವಸಂತ ಬಂದಾಗ ಪೇಜೆನ್ ಉತ್ತರ ಕೊಡುವುದನ್ನು ಬಿಟ್ಟಳು. ಅಷ್ಟು ಹೊತ್ತಿಗೆ ಒಲೆ ಹೊತ್ತಿಸಲು ಹಳೆ ಪತ್ರಿಕೆ ಕೊಳ್ಳುವುದಕ್ಕಿಂತ ನೋಟು ಉರಿಸುವುದೇ ಅಗ್ಗವಾಗಿತ್ತು.

ಇದೇ ವಸಂತದಲ್ಲಿ ಎರಡು ಸಂಗತಿ ನಡೆದವು. ಹದಿನಾರರ ಶ್ಯಾವ್‌ಮಾನ್ ಸೂಲಗಿತ್ತಿ ಶಾಲೆಯ ಪರೀಕ್ಷೆಯಲ್ಲಿ ಪಾಸಾದಳು. ಅಲ್ಲಿ ಊಟ, ವಸತಿ, ಎರಡು ವರ್ಷದ ಕಲಿಕೆ. ಶುಲ್ಕ ನೋಟಿನಲ್ಲಿ ಬೇಡ, ಅಕ್ಕಿಯಲ್ಲಿ ಕೊಡಿ ಎಂದಿದ್ದರು, ಇಲ್ಲವೆ ಬಂಗಾರ; ಬಂಗಾರದ ಮೇಲಿನ ನಿಷೇಧವನ್ನು ಸರ್ಕಾರವೇ ಚಳಿಗಾಲಕ್ಕೆ ಮುಂಚೆ ಸಡಿಲಿಸಿತ್ತು. ಚಿಂಗ್‌ಮಿಂಗ್ ಹಬ್ಬದೊಳಗೆ, ಅಂದರೆ ಹಿರಿಯರ ಸಮಾಧಿಗೆ ಹೋಗುವ ಏಪ್ರಿಲ್ ಮೊದಲ ವಾರದೊಳಗೆ, ಕಟ್ಟಬೇಕು. ಪೇಜೆನ್ ಗುಟ್ಟಾಗಿ ಹೋಗಿ ಕೇಳಿ ಬಂದಳು. ಒಂದು ಉಂಗುರ ಸಾಕು, ಸರಿಹೋಗುತ್ತದೆ ಎಂದರು. ಉಳಿಯುವುದೇನೂ ಇರಲಿಲ್ಲ, ಕಡಿಮೆಯೂ ಬೀಳುತ್ತಿರಲಿಲ್ಲ.

ಅದೇ ವಾರ ವಾನ್ ಸಾಹುಕಾರ ಮಾಸ್ತರನ್ನು ಕರೆದು ಚಹಾ ಕೊಟ್ಟ. ಅವನ ಎರಡನೆಯ ಮಗನ ಹೆಂಡತಿ ಬಾಣಂತಿಯಾಗಿದ್ದಾಗಲೇ ಸತ್ತಿದ್ದಳು. ಕೂಸು ನೋಡಿಕೊಳ್ಳಲು ಒಬ್ಬಳು ಬೇಕಿತ್ತು. ಹುಡುಗಿಯನ್ನು ಆ ಮಗನಿಗೆ ಕೊಡುವುದಾದರೆ, ಜಾತಕದ ಚೀಟಿ ಕೊಟ್ಟ ದಿನ ಮೂರು ಮೂಟೆ ಅಕ್ಕಿ ಮನೆಗೆ.

"ಒಳ್ಳೇ ಮನೆ" ಎಂದರು ಮಾಸ್ತರು. "ಅಲ್ಲಿ ಅನ್ನಕ್ಕೆ ಬರ ಇಲ್ಲ."

"ಅವಳು ಪರೀಕ್ಷೆ ಪಾಸಾಗಿದಾಳಲ್ರೀ."

"ಶುಲ್ಕ ಕೊಡೋರು ಯಾರು, ನೀನಾ?"

ಪೇಜೆನ್ ಎಂಜಲು ಬಟ್ಟಲುಗಳನ್ನು ಎತ್ತಿಕೊಂಡಳು. ನಾನೇ ಎಂದರೆ ಉಂಗುರ ಹೊರಬರುತ್ತದೆ. ಹೊರಬಂದ ಉಂಗುರ ಮನೆಯ ಉಂಗುರವಾಗುತ್ತದೆ. ಮನೆಯ ಉಂಗುರ ಯಾರದೆಂದು ಅವಳಿಗೆ ಗೊತ್ತಿತ್ತು. ಹಬ್ಬದ ಹಿಂದಿನ ದಿನ ಯಾರಿಗೂ ಹೇಳದೆ ಮಗಳನ್ನು ಕರೆದುಕೊಂಡು ಹೋಗಿ ಕಟ್ಟಿಬಿಡುವುದು, ಆಮೇಲೆ ಬಂದದ್ದು ಬರಲಿ ಎಂದು ತೀರ್ಮಾನಿಸಿದಳು.

ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ, ಕಾಲಿಗೆ ಶಕ್ತಿಯಿಲ್ಲ. ಬೆಳಗಿನ ಕೆಲಸಗಳಿಗೆ ಇನ್ನೂ ನಾಲ್ಕು ಸೇರಿದವು: ಎತ್ತಿ ಕೂರಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಬೈಸಿಕೊಳ್ಳುವುದು. ಮದುವೆಯಾಗಿ ಬಂದ ಹೊಸದರಲ್ಲಿ ಈ ಮುದುಕಿ ಉಜ್ಜಿದ ಪೀಪಾಯಿಯೊಳಗೆ ಬೆರಳಾಡಿಸಿ, "ಮೂಗು ತವರಲ್ಲೇ ಬಿಟ್ಟು ಬಂದಿದೀಯಾ?" ಎಂದು ಓಣಿಯ ಮುಂದೆ ಎರಡನೇ ಸಲ ಉಜ್ಜಿಸುತ್ತಿದ್ದಳು. ಶ್ಯಾವ್‌ಮಾನ್ ಹುಟ್ಟಿದಾಗ ಹೆಣ್ಣೆಂದು ಒಂದು ತಿಂಗಳು ಕೂಸಿನ ಮುಖ ನೋಡಿರಲಿಲ್ಲ. ಪೇಜೆನ್ ಯಾವುದನ್ನೂ ಮರೆತಿರಲಿಲ್ಲ. ಮರೆಯದೆಯೇ ಒರೆಸುತ್ತಿದ್ದಳು.

ಒಂದು ಮಧ್ಯಾಹ್ನ ಮಾಸ್ತರು ಶಾಲೆಯಲ್ಲಿದ್ದರು, ಹುಡುಗಿ ನೀರಿಗೆ ಹೋಗಿದ್ದಳು. ಮುದುಕಿ ಸೊಸೆಯ ಮಣಿಕಟ್ಟು ಹಿಡಿದಳು.

"ಕೂತ್ಕೋ. ಆ ಪೊರಕೆ ತಗೊಂಡ್ ಬಾ."

ಪೇಜೆನ್ ಕದಲಲಿಲ್ಲ.

"ಹೆದರ್ಬೇಡ್ವೇ. ನಾನು ಮೂವತ್ತು ವರ್ಷ ಪೀಪಾಯಿ ಉಜ್ಜಿದೋಳು. ಪೊರಕೆ ಹಳೇದಾದ್ರೆ ಎಸೀತಾರೆ. ನೀನು ದಾರ ಬಿಚ್ಚಿ ಬಿಚ್ಚಿ ಹೊಸಾ ಸಿಬಿರು ಕಟ್ತೀಯ, ಹಿಡಿ ಮಾತ್ರ ಬದಲಾಯ್ಸಲ್ಲ. ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಂದು ಹೇಳಿ ಕೆಟ್ಟೆನಲ್ಲ. ಇಬ್ರೂ ಯಾಕೆ ಕೆಡ್ಬೇಕು?" ಮುದುಕಿ ಕೆಮ್ಮಿದಳು. ಕಫ ಒರೆಸಿದ ಮೇಲೆ ಮತ್ತೆ ಶುರುಮಾಡಿದಳು. "ಪುಕ್ಕಟೆ ಅಂದ್ಕೋಬೇಡ. ಈ ಬಾಯಿ ನಿನಗೋಸ್ಕರ ಮುಚ್ಕೊಂಡಿತ್ತು. ನಾನು ಸತ್ತಾಗ ಅದನ್ನ ಈ ಬಾಯಿಗೇ ಇಡು. ಅಲ್ಲೂ ಹೋಗಿ ಮುಸುರೆ ತಿಕ್ಕಕ್ಕೆ ನನ್ ಕೈಲಾಗಲ್ಲ ಕಣೇ. ನೋಡು ಈ ಕೈನ."

ಗಂಟುಗಂಟಾದ ಕೈಯನ್ನು ಮುಂದೆ ಹಿಡಿದಳು. ಪೇಜೆನ್ ಆ ಕೈಯ ಪಕ್ಕದಲ್ಲಿ ತನ್ನ ಕೈ ನೋಡಿದಳು. ಹೆಚ್ಚು ವ್ಯತ್ಯಾಸವಿರಲಿಲ್ಲ.

"ಅತ್ತೆ, ಶ್ಯಾವ್‌ಮಾನ್ ಶಾಲೆ..."

"ಅವಳಿಗೆ ವಯಸ್ಸಿದೆ. ಸಂಪಾದಿಸ್ಕೋತಾಳೆ. ನನಗೆ ಇನ್ನೆಲ್ಲಿದೆ? ಹೂಂ ಅನ್ನು."

ಹುಡುಗಿ ಹೂಜಿ ಹಿಡಿದು ಮೆಟ್ಟಿಲು ಹತ್ತುವ ಸದ್ದು ಕೇಳಿತು. ಮುದುಕಿ ಮಣಿಕಟ್ಟು ಬಿಡಲಿಲ್ಲ.

"ಹೂಂ ಅತ್ತೆ" ಎಂದಳು ಪೇಜೆನ್.

ಆಮೇಲೆ ಮುದುಕಿ ಬೈಯುವುದನ್ನು ನಿಲ್ಲಿಸಿದಳು. ಗಂಜಿ ತಿನ್ನಿಸಿದಾಗ ಬಾಯಿ ಚಪ್ಪರಿಸಿ, "ಉಪ್ಪು ಸರಿಯಾಗಿದೆ" ಎಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ. ಪೇಜೆನ್‌ಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಮ್ಮೆ ನೋಟು ತುಂಬಿದ ದಿಂಬು ಒತ್ತುತ್ತದೆ ಎಂದು ಹೇಳಿ ತೆಗೆಸಿದಳು. "ಒಲೆಗೆ ಹಾಕು. ನನ್ ಬಾಯಿಗೆ ಏರ್ಪಾಡಾಯ್ತಲ್ಲ."

ಚಿಂಗ್‌ಮಿಂಗ್ ಹಬ್ಬಕ್ಕೆ ಎರಡು ದಿನವಿದ್ದಾಗ, ಬೆಳಗಿನ ಗಂಜಿ ಕುದಿಯುವ ಹೊತ್ತಿಗೆ ಮುದುಕಿ ಹೋಗಿಬಿಟ್ಟಳು. ಮಾಸ್ತರು ಗೋಡೆಗೆ ಹಣೆ ಬಡಿದುಕೊಂಡು ಅತ್ತರು. ನಿಜವಾಗಿಯೇ ಅತ್ತರು. ಹುಟ್ಟೂರಿನವರ ಸಂಘದಲ್ಲಿ ಬಡ ಸದಸ್ಯರಿಗೆ ತೆಳು ಹಲಗೆಯ ಶವಪೆಟ್ಟಿಗೆ ಕೊಡುತ್ತಾರೆಂದು ಯಾರೋ ಹೇಳಿದ ಮೇಲೆ ಎದ್ದು ನಿಲುವಂಗಿ ತೊಟ್ಟರು. ಬಾಗಿಲ ಬಳಿ ಹೋದವರು ತಿರುಗಿ ಬಂದು ಜೇಬಿನಿಂದ ಒಂದು ನೋಟು ತೆಗೆದರು, ಆ ವಾರವೇ ಬಂದ ದೊಡ್ಡ ನೋಟು, ಸೊನ್ನೆಗಳ ಸಾಲೇ ಇದ್ದದ್ದು. ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು.

"ಬಾಯಿಗೆ... ಏನಾದ್ರೂ ಇಡಬೇಕಲ್ಲ. ಇದನ್ನಿಡು." ಹೆಂಡತಿಯ ಮುಖ ನೋಡದೆ ಸೇರಿಸಿದರು, "ಬಂಗಾರ ಅಂತ ಬರೆದಿದೆಯಲ್ಲ. ಅಲ್ಲಿಯವರಿಗೆ ಇಲ್ಲಿಯ ದರ ಎಲ್ಲಿ ಗೊತ್ತಿರುತ್ತೆ?"

ಮತ್ತೆ ಬಾಗಿಲಿಂದಲೇ, "ಬರ್ತಾ ವಾನ್ ಸಾಹುಕಾರರಿಗೂ ಒಂದು ಮಾತು ಹೇಳಿ ಬರ್ತೀನಿ. ಸಾವಾದ ಮನೇಲಿ ಮದುವೆ ಮಾತು ಮೂರು ವರ್ಷ ಮುಂದಕ್ಕೆ ಹಾಕಬೇಕು, ಇಲ್ಲಾಂದ್ರೆ ಈ ವಾರದಲ್ಲೇ ಮುಗಿಸಬೇಕು. ಮುಗಿಸೋದೇ ವಾಸಿ. ಇವತ್ತೇ ಜಾತಕದ ಚೀಟಿ ಕೊಟ್ಬಿಡ್ತೀನಿ."

ಶ್ಯಾವ್‌ಮಾನ್‌ಳನ್ನು ಬಿಳಿ ಬಟ್ಟೆ ಎರವಲು ತರಲು ದರ್ಜಿಯ ಮನೆಗೆ ಕಳಿಸಿ, ಪೇಜೆನ್ ಬಾಗಿಲು ಹಾಕಿಕೊಂಡಳು. ಹೆಣ ತೊಳೆಯುವುದು ಸೊಸೆಯ ಕೆಲಸ. ಗಂಡಸರು ಬರುವ ಹಾಗಿಲ್ಲ. ಬಾಯಿಗಿಡುವುದೂ ಅವಳೇ. ದವಡೆ ಬಿಗಿದ ಮೇಲೆ ಬಾಯಲ್ಲಿ ಏನಿದೆ ಎಂದು ಯಾರೂ ತೆರೆದು ನೋಡುವುದಿಲ್ಲ. ಮಗ ಕೂಡ.

ನೋಟನ್ನು ಒಲೆಗೆ ತುರುಕಿ ನೀರು ಕಾಯಿಸಿದಳು. ಮುಖ ಒರೆಸಿದಳು, ಕೈ ಒರೆಸಿದಳು, ಬೆರಳ ಗಂಟುಗಳ ಸಂದಿಯನ್ನೂ ಬಿಡಲಿಲ್ಲ. ಮೂಗು ತವರಲ್ಲಿ ಬಿಟ್ಟವಳ ಕೆಲಸವಲ್ಲ ಇದು, ನೋಡಿ ಅತ್ತೆ, ಎಂದು ಒಳಗೇ ಅಂದುಕೊಂಡಳು. ತಲೆ ಬಾಚಿ ತುರುಬು ಕಟ್ಟಿದಳು. ನಂತರ ಬಾಗಿಲ ಹಿಂದಿನ ಪೊರಕೆ ತೆಗೆದು, ಹಲ್ಲಿನಿಂದ ಗಂಟು ಸಡಿಲಿಸಿ ದಾರ ಬಿಚ್ಚಿದಳು.

ಉಂಗುರ ಕಪ್ಪಾಗಿರಲಿಲ್ಲ. ಅಷ್ಟು ವರ್ಷ ಹೇಲಿನ ಜೊತೆ ಬಾಳಿಯೂ ಹಾಗೇ ಇತ್ತು. ಮುದುಕಿಯ ತುಟಿಯ ಹತ್ತಿರ ಹಿಡಿದಳು. ಬಾಯಿ ತುಸು ತೆರೆದೇ ಇತ್ತು, ಇವತ್ತು ಏನು ಬರುತ್ತೆ ಎಂದು ಕೇಳುವ ಹಾಗೆ. ಪೇಜೆನ್ ಹೂಂ ಎಂದಿದ್ದಳು. ಒತ್ತಾಯಕ್ಕೆ ಅಂದದ್ದೆಂದು ತನಗೇ ಸುಳ್ಳು ಹೇಳಿಕೊಳ್ಳಲು ಅವಳಿಗೆ ಆಗಲಿಲ್ಲ. ಅನ್ನುವಾಗ ಅವಳ ಮನಸ್ಸಿನಲ್ಲೂ ಅದೇ ಇತ್ತು. ಈ ಬಾಯಿ ಮುಚ್ಚಿಕೊಂಡಿದ್ದರಿಂದಲೇ ಈ ಉಂಗುರ ಈ ಹೊತ್ತು ಅವಳ ಕೈಯಲ್ಲಿತ್ತು.

ಕೆಳಗೆ ಓಣಿಯಲ್ಲಿ ಶ್ಯಾವ್‌ಮಾನ್ ದರ್ಜಿಯ ಹೆಂಡತಿಯೊಡನೆ ಮಾತಾಡುವುದು ಕೇಳಿಸುತ್ತಿತ್ತು. ಈ ಕೆಲಸ ಮುಗಿದ ಕೂಡಲೇ ಮಗಳ ಜೊತೆ ಹೊರಟರೆ ಮಧ್ಯಾಹ್ನದೊಳಗೆ ಸೂಲಗಿತ್ತಿ ಶಾಲೆ ಮುಟ್ಟಬಹುದು, ಮಾಸ್ತರು ಬರುವ ಮುಂಚೆ.

ಪೇಜೆನ್ ಉಂಗುರವನ್ನು ತನ್ನ ಬಾಯಿಗೆ ಹಾಕಿಕೊಂಡು, ಕೆನ್ನೆಯ ಒಳಗೆ ಒತ್ತರಿಸಿಟ್ಟುಕೊಂಡಳು. ಬಾಗಿಲ ಹಿಂದೆ ಪೀಪಾಯಿಯ ಪಕ್ಕದಲ್ಲಿಟ್ಟಿದ್ದ ಚಿಪ್ಪಿನ ಬುಟ್ಟಿಯಿಂದ ಒಂದು ಕಪ್ಪೆಚಿಪ್ಪು ಆರಿಸಿದಳು, ಉಜ್ಜಿ ಉಜ್ಜಿ ಅಂಚು ಸವೆದು ನುಣುಪಾದದ್ದು. ಬಿಸಿನೀರಿನಲ್ಲಿ ಎರಡು ಸಲ ತೊಳೆದಳು, ಮೇಲಂಗಿಯ ತುದಿಯಲ್ಲಿ ಒರೆಸಿದಳು, ನಾಲ್ಕು ಕಾಳು ಅಕ್ಕಿಯ ಜೊತೆ ಅತ್ತೆಯ ನಾಲಿಗೆಯ ಮೇಲಿಟ್ಟಳು.

ಬಾಯಿ ಮುಚ್ಚಲಿಲ್ಲ. ಗಲ್ಲದ ಕೆಳಗೆ ಅಂಗೈ ಕೊಟ್ಟು, ದವಡೆ ಸೆಟೆದು ನಿಲ್ಲುವವರೆಗೂ ಒತ್ತಿ ಹಿಡಿದು ಕೂತಳು.